ವರ್ನಾಳ ನೀಲಿ ಬೋಗುಣಿ

ಅಮೆರಿಕದ ಆರ್ಕನ್ಸಾಸ್‌ನ ಆ ಸಣ್ಣ ಊರಿನಲ್ಲಿ ಸಾವಿನ ಮನೆಗೆ ಯಾರೂ ಬರಿಗೈಯಲ್ಲಿ ಹೋಗುವುದಿಲ್ಲ. ಚಳಿಗಾಲದಲ್ಲಿ ಗಂಡ ಲಾಯ್ಡ್ ತೀರಿಕೊಂಡಾಗ ಆರ್ಡಿತ್ ಪ್ಲಮ್ಮರ್‌ಳ ಅಡುಗೆಮನೆ ನೆರೆಯವರು ತಿನಿಸು ತುಂಬಿ ತಂದ ಬೋಗುಣಿಗಳಿಂದ ತುಂಬಿಹೋಯಿತು. ಪ್ರತಿಯೊಂದರ ತಳದಲ್ಲೂ ಒಡತಿಯ ಹೆಸರಿನ ಅಂಟುಚೀಟಿ. ಬೋಗುಣಿ ಹಿಂದಿರುಗಿಸಬೇಕು, ಖಾಲಿ ಹಿಂದಿರುಗಿಸುವಂತಿಲ್ಲ.

ಜೀವನವಿಡೀ ಶಾಲೆಯ ಬಸ್ಸು ಓಡಿಸಿದವಳು ಆರ್ಡಿತ್. ನಿವೃತ್ತಿಯ ನಂತರ ಊರಿನ ಸರ್ಕಾರಿ ಶಾಲೆಯಲ್ಲಿ ತಮ್ಮ ಬ್ಯಾಪ್ಟಿಸ್ಟ್ ಚರ್ಚಿನ ಪರವಾಗಿ ಮಕ್ಕಳ ಕ್ಲಬ್ಬು ಶುರುಮಾಡಿದ್ದಳು. ಕೊನೆಯ ಗಂಟೆ ಹೊಡೆದ ಮೇಲೆ, ಅಪ್ಪ ಅಮ್ಮ ಒಪ್ಪಿ ಕಳಿಸಿದ ಮಕ್ಕಳಿಗೆ ಬೈಬಲ್ಲಿನ ಕಥೆ, ಹಾಡು, ಬಿಸ್ಕತ್ತು. ಅದು ಸುತ್ತಲಿನ ಶಾಲೆಗಳಿಗೂ ಹಬ್ಬಬೇಕೆಂದು ಅವಳ ಹಟ. ಮುಂಜಾನೆಯ ಮಂಜಿನಲ್ಲಿ ಬಸ್ಸು ಹತ್ತುತ್ತಿದ್ದ ನಿದ್ದೆಗಣ್ಣಿನ ಮುಖಗಳನ್ನು ಅವಳು ಮರೆತಿರಲಿಲ್ಲ.

ಬೋಗುಣಿಗಳೇ ದಾರಿ ತೋರಿಸಿದವು. ಒಂದೊಂದರಲ್ಲೂ ಏನಾದರೂ ಬೇಯಿಸಿಟ್ಟು ಮನೆಮನೆಗೆ ಹೋದಳು; ಕೊಟ್ಟಾದ ಮೇಲೆ, ಹತ್ತಿರದ ಶಾಲೆಯಲ್ಲಿ ಕ್ಲಬ್ಬು ನಡೆಸಲು ವಾರಕ್ಕೊಂದು ಮಧ್ಯಾಹ್ನ ಬಿಡುವು ಮಾಡಿಕೊಡಿ ಎಂದು ಕೇಳಿದಳು. ವಿಧವೆಯ ಕೈಯಿಂದ ಬಿಸಿ ಬೋಗುಣಿ ತೆಗೆದುಕೊಂಡು ಆಗುವುದಿಲ್ಲವೆನ್ನಲು ಯಾರಿಗೂ ಬಾಯಿ ಬರಲಿಲ್ಲ.

ಒಂದೊಂದೇ ಶಾಲೆಗೆ ಜನ ಸಿಕ್ಕರು. ಹೊಳೆಯ ಈಚೆ ಉಳಿದದ್ದು ಹಿಕರಿ ಫ್ಲಾಟ್ ಶಾಲೆ. ಅಲ್ಲಿನ ಮುಖ್ಯೋಪಾಧ್ಯಾಯಿನಿ ನೇರವಾಗಿಯೇ ಹೇಳಿದ್ದಳು: ಬೇಸಿಗೆ ರಜೆ ಮುಗಿದ ಮೊದಲ ಮಂಗಳವಾರ ಆ ಬಡಾವಣೆಯವರೇ ಒಬ್ಬರು ಬಂದು ಹೊಣೆ ಹೊರದಿದ್ದರೆ ಕ್ಲಬ್ಬಿಗೆ ಕೇಳಿದ ಕೋಣೆ ನೃತ್ಯ ತರಗತಿಗೆ ಹೋಗುತ್ತದೆ. ಅಲ್ಲಿದ್ದ ಒಂದೇ ಚರ್ಚು, ನೆಲಹಾಸಿನ ಬಣ್ಣಕ್ಕೆ ಜಗಳವಾಡಿ ಆರ್ಡಿತ್‌ಳ ಚರ್ಚಿನಿಂದ ಒಡೆದುಹೋದವರದ್ದು. ಎರಡೂ ಕಡೆಯ ಪಾದ್ರಿಗಳು ಕಾಫಿ ಕುಡಿಯುತ್ತ ಮಾತಾಡಿದರು. ಕ್ಲಬ್ಬಿನ ಬೋರ್ಡಿನಲ್ಲಿ ಯಾರ ಚರ್ಚಿನ ಹೆಸರು ಮೇಲಿರಬೇಕು ಎಂಬಲ್ಲಿಗೇ ಮಾತು ನಿಂತಿತು.

ಆರ್ಡಿತ್‌ಳ ಕಪಾಟಿನಲ್ಲೂ ಒಂದು ಬೋಗುಣಿ ಉಳಿದಿತ್ತು, ನೀಲಿಯದು. ಹಿಂದೆ ಚರ್ಚಿನಲ್ಲಿ ಪಿಯಾನೋ ನುಡಿಸುತ್ತಿದ್ದು, ಒಡೆದುಹೋದವರ ಜೊತೆ ಹೊರಟುಹೋದ ವರ್ನಾ ಟ್ಯಾಕೆಟ್‌ಳದ್ದು; ಅವಳ ಮನೆ ಹಿಕರಿ ಫ್ಲಾಟ್‌ನಲ್ಲೇ. ಪೀಚ್ ಹಣ್ಣಿನ ಕಾಲ ಮುಗಿಯುತ್ತ ಬಂದಿತ್ತು. ಕೊನೆಯ ಹಣ್ಣುಗಳನ್ನು ಹೆಚ್ಚಿ, ಸಕ್ಕರೆ ಬೆರೆಸಿ, ಮೇಲೆ ಹಿಟ್ಟು ಹೊದಿಸಿ ಆ ಬೋಗುಣಿಯಲ್ಲೇ ಬೇಯಿಸಿ ವರ್ನಾಳ ಮನೆಗೆ ಹೊರಟಳು.

ವರ್ನಾ ಜಾಲರಿ ಬಾಗಿಲು ತೆಗೆಯಲಿಲ್ಲ; ಒಳಗಿನಿಂದಲೇ ಮಾತಾಡಿದಳು.

"ನನ್ ಬೋಗುಣಿನೂ ಲಾಯ್ಡ್ ಜೊತೆಗೇ ಹೂತುಬಿಟ್ರೇನೋ ಅಂದ್ಕೊಂಡಿದ್ದೆ."

"ನಿನ್ ಬಾಯಿಗೆ ಹೆದರಿ ಬಂದಿರ್ಲಿಲ್ಲ ಕಣೇ."

"ಮೇಲಿನ ಹಿಟ್ಟು ಕಲ್ಲಾಗಿರುತ್ತೆ. ನಿಂದು ಯಾವಾಗ್ಲೂ ಅಷ್ಟೆ."

"ಹಲ್ಲಿದ್ರೆ ತಿನ್ನು. ಮಂಗಳವಾರ ಮಧ್ಯಾಹ್ನ ಶಾಲೆ ಮಕ್ಕಳಿಗೆ ಹಾಡು ಹೇಳ್ಕೊಡು. ಹೊಣೆನೂ ನೀನೇ ಹೊರ್ಬೇಕು."

"ನಿಮ್ ಚರ್ಚಿನ ಕ್ಲಬ್ಬಿಗೆ ನಾನ್ಯಾಕೆ ಬರ್ಲಿ?"

ದಾರಿಯುದ್ದಕ್ಕೂ ಆರ್ಡಿತ್ ಒಂದು ಕಹಿ ಮಾತನ್ನು ನುಂಗಿಕೊಳ್ಳುತ್ತ ಬಂದಿದ್ದಳು: ಕ್ಲಬ್ಬು ಬೆಳೆಯಬೇಕೆಂದರೆ ಅದು ತನ್ನದೆನ್ನುವುದನ್ನು ಬಿಡಬೇಕು.

"ಬೋರ್ಡಲ್ಲಿ ನಿಮ್ ಚರ್ಚಿನ ಹೆಸರೇ ಹಾಕು. ನಮ್ದು ಬೇಡ."

"ನಿಮ್ ಪಾದ್ರಿ ಒಪ್ತಾರಾ?"

"ಅವರ ಬೋಗುಣಿನೂ ನನ್ನ ಹತ್ರ ಇತ್ತು. ಅವರನ್ನ ನನಗೆ ಬಿಡು."

ವರ್ನಾಳ ತುಟಿಯಂಚು ಅದುರಿತು. ನಗುವೋ ಅಲ್ಲವೋ ತಿಳಿಯಲಿಲ್ಲ. ಬಾಗಿಲು ಬೋಗುಣಿ ತೂರುವಷ್ಟು ತೆರೆದು, ಅದನ್ನು ಒಳಗೆಳೆದುಕೊಂಡು ಮುಚ್ಚಿಕೊಂಡಿತು.

ಶಾಲೆ ತೆರೆದ ಮೊದಲ ಮಂಗಳವಾರ, ಕೊನೆಯ ಗಂಟೆಗೂ ಮುಂಚೆ ಆರ್ಡಿತ್ ಹಿಕರಿ ಫ್ಲಾಟ್ ತಲುಪಿದಳು. ಕೋಣೆ ತಮಗೇ ಸಿಗಬಹುದೆಂದು ನೃತ್ಯದವರು ಗೋಡೆಗೆ ಒರಗಿಸಿಟ್ಟಿದ್ದ ಕನ್ನಡಿಗಳಲ್ಲಿ ಖಾಲಿ ಕುರ್ಚಿಗಳು ಕಾಣುತ್ತಿದ್ದವು. ಗಂಟೆ ಹೊಡೆಯಿತು. ಮಕ್ಕಳ ಸದ್ದಿನ ಹಿಂದೆ, ಬಟ್ಟೆ ಮುಚ್ಚಿದ ನೀಲಿ ಬೋಗುಣಿ ಹಿಡಿದು ವರ್ನಾ ಬಂದಳು. ಅದರಲ್ಲಿ, ಹಳೆ ಚರ್ಚಿನಲ್ಲಿ ಎಲ್ಲರೂ ಕಾಯುತ್ತಿದ್ದ ಅವಳ ಮೆಕ್ಕೆಜೋಳದ ಹಿಟ್ಟಿನ ಬ್ರೆಡ್ಡು. ಬಾಗಿಲಿಗೆ ತಮ್ಮ ಚರ್ಚಿನ ಬೋರ್ಡು ತೂಗುಹಾಕಿ, ಕೋಣೆಯ ಹಳೆ ಪಿಯಾನೋದ ಮುಂದೆ ಕೂತಳು.

"ನೀನು ಹೊರಡು ಇನ್ನು," ಎಂದಳು ಆರ್ಡಿತ್‌ಗೆ. "ಇದು ನಮ್ ಚರ್ಚಿನ ಕ್ಲಬ್ಬು."

ಆ ಮಾತು ಚುಚ್ಚಿತು. ಆದರೂ ಆರ್ಡಿತ್ ಎರಡು ಹಾಡು ಮುಗಿಯುವವರೆಗೆ ಹಿಂದೆ ನಿಂತಿದ್ದಳು. ಅಷ್ಟರಲ್ಲಿ ಮಕ್ಕಳು ಬ್ರೆಡ್ಡು ಮುಗಿಸಿದ್ದರು. ಖಾಲಿ ಬೋಗುಣಿಯನ್ನು ಎತ್ತಿಕೊಂಡು ಕಾರಿನ ಮುಂದಿನ ಸೀಟಿನಲ್ಲಿಟ್ಟಳು. ಪೀಚ್ ಮುಗಿಯಿತು, ಸೇಬು ಬರುತ್ತದೆ. ಹೊಳೆಯಾಚೆಯ ಶಾಲೆಯ ಹತ್ತಿರ ವರ್ನಾಳ ತಂಗಿಯ ಮನೆಯಿದೆ. ಸೇಬು ಬೇಯಿಸಿ ತುಂಬಿ ವರ್ನಾಗೆ ಬೋಗುಣಿ ಹಿಂದಿರುಗಿಸಲು ಹೋದಾಗ, ಆ ತಂಗಿಯ ಮಾತೆತ್ತಿ ಕೇಳಿದರಾಯಿತು ಎಂದುಕೊಂಡು ಅವಳು ಗಾಡಿ ಚಾಲು ಮಾಡಿದಳು.