ಅಮ್ಮನ ಹತ್ತು ಸೆಕೆಂಡು, ನಾಲ್ಕು ಸೌಂಡ್ ಕಾರ್ಡು

ಮನುಷ್ಯ ಹೋದರೂ ಅವನ ದನಿ ಉಳಿಯುತ್ತದೆ. ಆದರೆ ಅದು ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಇಳಿಯಲು ಒಂದು ಸೌಂಡ್ ಕಾರ್ಡ್ ಬೇಕು, ಅದನ್ನು ಆರಿಸುವ ಕೆಲಸ ನಮ್ಮ ಮನೆತನದಲ್ಲಿ ನನ್ನ ಪಾಲಿಗೆ ಬಂದಿತ್ತು.

ವಹಿಸಿದವಳು ಅಕ್ಕ. ಹಲಸೂರಿನಿಂದ ಬಸ್ಸು ಹಿಡಿದು ಜೀವನ್ ಬಿಮಾ ನಗರದ ನನ್ನ ಮನೆಗೆ ಬಂದು, ಸೀರೆಗಳ ನಡುವೆ ನಲವತ್ತು ವರ್ಷ ಇಟ್ಟುಕೊಂಡಿದ್ದ ಕ್ಯಾಸೆಟ್ಟನ್ನು ಕೈಗಿಟ್ಟಳು. ಅಪ್ಪ ಹೊಸ ಟೇಪ್ ರೆಕಾರ್ಡರ್ ತಂದ ದಿನ, ಊಟದ ಹೊತ್ತಿನಲ್ಲಿ ಅದನ್ನು ಒತ್ತಿ ನೋಡಿದ್ದರ ಫಲ ಅದು. ಬಹುಪಾಲು ರೇಡಿಯೋದ ಕೃಷಿ ವಾರ್ತೆ. ನಡುವೆ ಹತ್ತು ಸೆಕೆಂಡು ಅಮ್ಮ ಅಪ್ಪನಿಗೆ ಹೇಳುತ್ತಾಳೆ: "ಸಾರು ನಾನ್ ಮಾಡಿದ್ದಲ್ಲ, ಇವಳು. ನನಗಿಂತ ಚೆನ್ನಾಗ್ ಮಾಡ್ತಾಳೆ ಕಣ್ರೀ."

ಅಮ್ಮ ಅಕ್ಕನನ್ನು ಹೊಗಳಿದ್ದು ಜೀವಮಾನದಲ್ಲಿ ಅದೊಂದೇ ಸಲ. ಮಿಕ್ಕ ಹೊಗಳಿಕೆಯೆಲ್ಲ ನನಗೇ ಸಂದಿತ್ತು.

"ಫೋನಿಗೆ ಹಾಕ್ಕೊಡೋ. ಸಾಯೋವರೆಗೂ ಕೇಳ್ಕೋತೀನಿ," ಎಂದಳು.

ನಾನು ವಿಮಾನಪುರದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಇನ್‌ಸ್ಪೆಕ್ಟರ್ ಆಗಿದ್ದವನು. ರಿಜೆಕ್ಟ್ ಆದ ಬಿಡಿಭಾಗಕ್ಕೆ ಕೆಂಪು ಬಣ್ಣ ಬಳಿದು ಅದೇ ದಿನ ಒಡೆದು ಹಾಕುವುದು ನಮ್ಮ ಪದ್ಧತಿ. ಉಳಿಸಿಕೊಂಡರೆ ಅದು ಯಾವುದಾದರೂ ವಿಮಾನದ ಹೊಟ್ಟೆ ಸೇರೀತು. ಪರೀಕ್ಷೆ ನಡೆಯಬೇಕಾದದ್ದು ಅಸಲಿ ಮಾಲಿನ ಮೇಲೆಯೇ ಎಂಬುದು ಇನ್ನೊಂದು. ಎರಡನ್ನೂ ಅಮ್ಮನಿಗೆ ಅನ್ವಯಿಸಿದೆ.

ಮೊದಲ ಪ್ರಯತ್ನ ಕಂಪ್ಯೂಟರಿನಲ್ಲೇ ಇದ್ದ ಕಾರ್ಡಿನಲ್ಲಿ. ಅಮ್ಮನ ಹಿಂದೆ ಗುಂಯ್ ಎಂಬ ಸದ್ದು. ಅಕ್ಕ ಕಣ್ಣೊರೆಸಿಕೊಂಡು, "ಇದೇ ಸಾಕು ಕಣೋ," ಎಂದಳು.

"ಇದು ರಿಜೆಕ್ಟು," ಎಂದು ಅವಳೆದುರಿಗೇ ಅಳಿಸಿದೆ. ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ.

"ಇನ್ನೊಂದ್ಸಲ ಕೇಳೋವರ್ಗಾದ್ರೂ ಬಿಡ್ಬಾರ್ದಿತ್ತಾ?"

"ಕಳಪೆಗೆ ಒಗ್ಗಿಕೊಂಡ್ರೆ ಕಿವಿ ಕೆಡುತ್ತೆ ಅಕ್ಕಾ."

ಎರಡನೆಯದು ಶಿವಾಜಿನಗರದ ಅಂಗಡಿಯೊಂದರಿಂದ ತಂದ, ಬೆರಳುದ್ದದ ಅಗ್ಗದ ಸಾಧನ. ಅಮ್ಮ ಬಾವಿಯೊಳಗಿಂದ ಸಾರಿನ ವಿಷಯ ಮಾತಾಡುತ್ತಿದ್ದಳು. ಅಳಿಸಿದೆ. ಮೂರನೆಯದು ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಕೂರಿಸುವ ದುಬಾರಿ ಕಾರ್ಡ್. ದನಿ ಸ್ಪಷ್ಟ, ಆದರೆ ಕಂಪ್ಯೂಟರಿನ ಫ್ಯಾನು ತಿರುಗಿದಾಗಲೆಲ್ಲ ಸಣ್ಣಗೆ ಕಿರ್ ಎನ್ನುತ್ತಿತ್ತು. ಅಕ್ಕನಿಗೆ ಅದು ಕೇಳಿಸಲೇ ಇಲ್ಲ. ನನಗೆ ಕೇಳಿಸಿತು. ಅಳಿಸಿದೆ. ಒಂದೊಂದು ಕಾರ್ಡಿಗೂ ಆ ಹತ್ತು ಸೆಕೆಂಡನ್ನೇ ಹಿಂದೆ ಮುಂದೆ ಓಡಿಸಿ ಮೂವತ್ತು ನಲವತ್ತು ಸಲ ಕೇಳುತ್ತಿದ್ದೆ.

ಕಾರ್ಡ್ ಬದಲಾಯಿಸಲು ಹೋದಾಗ ಅಂಗಡಿಯವರು ಗಡ್ಡ ಸವರಿಕೊಂಡು, "ಕ್ಯಾ ಸಾಬ್, ಮತ್ತೆ ವಾಪಸ್ಸಾ? ನೀವು ಕಾರ್ಡ್ ನೋಡ್ತಿದ್ದೀರೋ, ಮಗಳಿಗೆ ಗಂಡು ನೋಡ್ತಿದ್ದೀರೋ?" ಎಂದರು. ಆಮೇಲೆ ಮೆಲ್ಲಗೆ, "ಹಳೇ ಟೇಪ್ ಜಾಸ್ತಿ ಓಡಿಸ್ಬೇಡಿ ಸಾಬ್. ಸಿಕ್ಕಿದ್ದು ಇಟ್ಕೊಳ್ಳಿ, ಆಮೇಲೆ ಒಳ್ಳೇದು ಹುಡುಕಿ," ಎಂದರು. ಗುಜರಿ ಮಾರುವವರಿಂದ ಗುಣಮಟ್ಟದ ಪಾಠ ಬೇಡವೆಂದು ನಕ್ಕು ಬಂದೆ.

ನಾಲ್ಕನೆಯದು ಕಂಪ್ಯೂಟರಿನ ಹೊರಗೆ ಪ್ರತ್ಯೇಕವಾಗಿ ಕೂರುವ ಪುಟ್ಟ ಪೆಟ್ಟಿಗೆ. ದಾಖಲಿಸದೆ ಬರೀ ಕೇಳಿ ನೋಡಿದೆ: ಗುಂಯ್ ಇಲ್ಲ, ಕಿರ್ ಇಲ್ಲ. ದಾಖಲೆ ಅಕ್ಕನ ಎದುರಿಗೇ ಆಗಲೆಂದು ಒಂದು ಭಾನುವಾರ ಅವಳನ್ನು ಕರೆಸಿ, ಪಟ್ಟಾಭಿಷೇಕಕ್ಕೆ ಕೂರಿಸುವಂತೆ ಕುರ್ಚಿಯಲ್ಲಿ ಕೂರಿಸಿ, ಗುಂಡಿ ಒತ್ತಿದೆ. ಕೃಷಿ ವಾರ್ತೆಯವರು ಜೋಳಕ್ಕೆ ತಗಲುವ ಹುಳುವಿನ ಬಗ್ಗೆ ಎದುರಿಗೇ ಕೂತು ಹೇಳಿದಂತಿತ್ತು. ಅಮ್ಮ "ಸಾರು" ಎಂದಳು. ಟೇಪ್ ರೆಕಾರ್ಡರಿನ ಅಂಟಂಟಾದ ರಬ್ಬರ್ ಗಾಲಿ ಟೇಪನ್ನು ಒಳಗೆಳೆದುಕೊಂಡಿತು. ಬಿಡಿಸಿ ತೆಗೆದಾಗ ಒಂದು ಮೊಳದಷ್ಟು, ಅಂದರೆ ಅಮ್ಮನ ಹತ್ತು ಸೆಕೆಂಡಿನಷ್ಟೂ, ಚಿಂದಿಯಾಗಿತ್ತು. ಕಂದು ಪುಡಿ ನನ್ನ ಬೆರಳಿಗೆ ಮೆತ್ತಿಕೊಂಡಿತ್ತು.

"ಕಾರ್ಡ್‌ದೇನೂ ತಪ್ಪಿಲ್ಲ," ಎಂದೆ. ಆ ಕ್ಷಣಕ್ಕೆ ನನಗೆ ಹೊಳೆದದ್ದು ಅಷ್ಟೇ.

ಅಕ್ಕ ಚೀಲ ಎತ್ತಿಕೊಂಡಳು. "ಅಮ್ಮ ನಿನ್ನ ಹೊಗಳಿದ್ದನ್ನ ಯಾರೂ ರೆಕಾರ್ಡ್ ಮಾಡ್ಲಿಲ್ಲ ನೋಡು. ಅದಕ್ಕೇ ಅದು ನಿನ್ ಕೈಗೆ ಸಿಕ್ಕಿಲ್ಲ, ಇನ್ನೂ ಉಳ್ಕೊಂಡಿದೆ."

ಕಾಫಿ ಕುಡಿದು ಹೋಗೆಂದೆ. ನಿಲ್ಲಲಿಲ್ಲ. ಆಮೇಲೆ ನಮ್ಮ ಮನೆಗೆ ಬಂದಿಲ್ಲ.

ನಾಲ್ಕನೆಯ ಕಾರ್ಡನ್ನು ಇಟ್ಟುಕೊಂಡೆ. ಅಮ್ಮ ಬಾಯಿ ತೆರೆಯುವವರೆಗಿನ ಕೃಷಿ ವಾರ್ತೆ ಅದರ ಮೂಲಕ ಪೂರ್ತಿಯಾಗಿ, ಯಾವ ಸದ್ದೂ ಇಲ್ಲದೆ ದಾಖಲಾಗಿದೆ.