ಯಾರ ಮರ

ಬಿಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯ ಓದುವವರು ಬೀದಿ ಗುಡಿಸುತ್ತಾರೆಂದು ನಾನು ನಂಬಿದ್ದೆ. ಕೂಲಿಗೆ ಕಾಯಿ ಸುಲಿಯುವ ನನ್ನ ತಲೆಯಲ್ಲೂ ಸಿಪ್ಪೆಯೇ ಜಾಸ್ತಿ. ತೋಟದ ಯಜಮಾನ ಮಲ್ಲಿಕಾರ್ಜುನಯ್ಯನವರ ಮಗಳು, ಅದನ್ನೇ ಓದುತ್ತಿದ್ದ ನಿಸರ್ಗಳನ್ನು, “ನಮ್ಮ ಬೀದಿಗೆ ಯಾವಾಗ ಬತ್ತೀರವ್ವಾ?” ಎಂದೂ ಕೇಳಿದ್ದೆ. ಅವಳು ನಕ್ಕು, ಮರ ಹತ್ತುವವರಿಗೆ ವಿಮೆ ಮಾಡಿಸುವುದು ತನ್ನ ಫೀಲ್ಡ್‌ವರ್ಕ್ ಎಂದಿದ್ದಳು.

ಮೊನ್ನೆ ಅವರದೇ ತೋಟದಲ್ಲಿ ಕಾಯಿ ಕೀಳುತ್ತಿದ್ದ ಹೊನ್ನಪ್ಪ ನನ್ನ ಮತ್ತು ನಿಸರ್ಗಳ ಕಣ್ಣೆದುರೇ ಬಿದ್ದು ಸೊಂಟ ಮುರಿದುಕೊಂಡ. ತಿಪಟೂರಿನ ಆಸ್ಪತ್ರೆಯಲ್ಲಿ ಯಜಮಾನರು ನಮ್ಮಿಬ್ಬರ ಕಿವಿಯಲ್ಲಿ, “ಅವ್ನ ಮನೆ ಮರದಿಂದ್ಲೇ ಬಿದ್ದ ಅನ್ರಪ್ಪ, ಇಲ್ದಿದ್ರೆ ಪರಿಹಾರ ನನ್ ತಲೆಗೆ ಬತ್ತದೆ” ಎಂದರು.

ಹೇಳಿಕೆ ಬರೆಯಲು ಬಂದ ಪೊಲೀಸಪ್ಪ ಮೊದಲು ನನ್ನನ್ನೇ ಕೇಳಿದ. ನಾನು ಯಜಮಾನರ ಮುಖ ನೋಡಿದೆ. ಹೊನ್ನಪ್ಪನ ಹೆಂಡತಿ ಅಲ್ಲೇ ನಿಂತಿದ್ದಳು. ಪೊಲೀಸಪ್ಪ ನಿಸರ್ಗಳ ಕಡೆ ತಿರುಗಿದ. “ನೀನೇ ಹೇಳಮ್ಮ, ಬಿದ್ದಿದ್ದು ಯಾರ ಮರದಿಂದ?”

“ನಮ್ ಮರದಿಂದ ಸಾರ್. ಹತ್ಸಿದ್ದು ನಮ್ಮಪ್ಪ.”