ಯಲ್ಲಕ್ಕನ ನಾಲ್ಕು ಖೋಲಿಗಳು

ಒಂಟಿ ಹೆಣ್ಣಿಗೆ ನಮ್ಮ ಊರುಗಳಲ್ಲಿ ಬಾಡಿಗೆಗೆ ಮನೆ ಸಿಗುವುದಿಲ್ಲ. ಇದು ಗೊತ್ತಿಲ್ಲ ಎಂದು ನೀವು ಹೇಳಿದರೆ ನಂಬುವುದು ಕಷ್ಟ. ಬಾಗಿಲಲ್ಲೇ ನಿಲ್ಲಿಸಿ, "ಫ್ಯಾಮಿಲಿಗಷ್ಟ ಕೊಡ್ತೀವ್ರಿ" ಎಂದು ತಿರುಗಿಸಿ ಕಳಿಸಿದವರು ನೀವೇ, ಇಲ್ಲವೇ ನಿಮ್ಮ ಪಕ್ಕದ ಮನೆಯವರು.

ದಡ್ಡಿ ಎಂಬ ಊರಿನ ಯಲ್ಲಕ್ಕನಿಗೆ ಮಾತ್ರ ಇದು ನಿಜಕ್ಕೂ ಗೊತ್ತಿರಲಿಲ್ಲ. ಆಕೆ ಬಾಡಿಗೆ ಮನೆಯ ಒಳಗನ್ನೇ ಕಂಡವಳಲ್ಲ. ಗಂಡ ಶೆಟ್ಟೆಪ್ಪನ ಜೊತೆ ಕುರಿ ಹಿಂಡಿನ ಹಿಂದೆ ತಿರುಗಿ, ಗೊಬ್ಬರಕ್ಕೆಂದು ಕರೆದ ರೈತರ ಹೊಲದಲ್ಲಿ ಕುರಿ ತರುಬಿ, ಅಲ್ಲೇ ಕಂಬಳಿ ಹಾಸಿ ಮಲಗಿದ ಜೀವ ಅದು. ಶೆಟ್ಟೆಪ್ಪನ ಮೊಣಕಾಲು ಕೈಕೊಟ್ಟಾಗ ಹಿಂಡು ಮಾರಬೇಕಾಯಿತು. ಆ ದುಡ್ಡಿನಲ್ಲಿ ಟ್ರ್ಯಾಕ್ಟರ್ ತರೋಣವೆಂದು ಮೈದುನ ಲಗಮಣ್ಣ ಕುಣಿದ.

"ಟ್ರ್ಯಾಕ್ಟರಿಗಿ ಡಿಸೇಲ್ ಕುಡಸಬೇಕು, ಡ್ರೈವರ್‌ಗ ಚಾ ಕುಡಸಬೇಕು. ಗ್ವಾಡಿ ಏನ್ ಕುಡಿತೈತಿ?" ಅಂದಳು ಯಲ್ಲಕ್ಕ. "ಗೋಕಾಕದಾಗ ನಾಲ್ಕ ಖೋಲಿ ಕಟ್ಟಸೂನು. ಬಾಡಿಗಿಗಿ ಕೊಡೂನು."

"ಸಾಲಿ ಮಾರಿ ನೋಡಿಲ್ಲ, ಮಾಲಕಿ ಆಗಾಕ ಹೊಂಟಿ ಏನ್ ವೈನಿ?" ಎಂದು ಲಗಮಣ್ಣ ಅತ್ತಿಗೆಯನ್ನು ಹಂಗಿಸಿದ.

ಶೆಟ್ಟೆಪ್ಪ ನಡುವೆ ಬಂದ. "ಮುಂದಿನ ಯುಗಾದಿತನಕ ನೋಡೂನು. ಖೋಲಿ ತುಂಬಿ ನಿಂತ್ರ ನಿನ್ನ ಮಾತು. ಖಾಲಿ ಬಿದ್ರ ಮಾರಿ ಟ್ರ್ಯಾಕ್ಟರ್."

ಆಯುಷ್ಯವೆಲ್ಲ ಕಂಡವರ ಹೊಲದಲ್ಲಿ ಮಲಗಿದವಳಿಗೆ ತನ್ನದೇ ಗೋಡೆ ಎಂದರೆ ಏನು ಎಂಬುದು ಆ ಇಬ್ಬರು ಗಂಡಸರಿಗೂ ಹೊಳೆಯಲಿಲ್ಲ.

ಜಾಗವನ್ನು ಆಕೆ ಹಿಂಡು ಇಳಿಸುವ ಜಾಗ ಹುಡುಕಿದಂತೆಯೇ ಹುಡುಕಿದಳು. ಘಟಪ್ರಭೆ ಉಕ್ಕಿದರೂ ನೀರು ಏರದ ದಿಬ್ಬ, ಬಾಜೂಕ ಕುಡಿಯುವ ನೀರು, ಬಸ್‌ಸ್ಟ್ಯಾಂಡಿಗೆ ನಡೆದು ಹೋಗುವಷ್ಟು ದಾರಿ. ಇಲ್ಲಿಯವರೆಗೆ ಎಲ್ಲ ಸರಿಯಿತ್ತು. ಎಡವಿದ್ದು ಕಟ್ಟುವಾಗ. ನಡುವೆ ಅಂಗಳ, ಸುತ್ತ ನಾಲ್ಕು ಖೋಲಿ, ಎಲ್ಲ ಬಾಗಿಲೂ ಒಳಮುಖ, ಓಣಿಯ ಕಡೆ ಕಿಟಕಿಯೇ ಇಲ್ಲ. ಹೊರಗೆ ಹೋಗಲು ಒಂದೇ ಗೇಟು, ಅದರ ಮಗ್ಗುಲಲ್ಲಿ ತಾನು ಮಲಗಲು ಒಂದು ಗೂಡು. ಶೆಟ್ಟೆಪ್ಪ ಊರಲ್ಲೇ ಉಳಿದ.

"ಯಕ್ಕಾ, ಇದು ಮನಿಯೋ ಕುರಿಹಟ್ಟಿಯೋ?" ಎಂದು ಗೌಂಡಿ ಕಲ್ಲಪ್ಪ ಕೇಳಿದ.

"ನೀ ಕಟ್ಟಪಾ."

ಸಂಸಾರಸ್ಥರು ಬಂದರು, ನೋಡಿದರು, ಬೇರೆ ಬೇರೆ ಬಾಗಿಲಿಲ್ಲವೆಂದು ಹೋದರು. ಖೋಲಿಗಳು ಸುಣ್ಣದ ವಾಸನೆ ಕುಡಿಯುತ್ತ ಖಾಲಿ ಕೂತವು. ಹೀಗಿರುವಾಗ ಒಂದು ದಿನ ಹುಕ್ಕೇರಿಯ ನಾಜಿಯಾ ಬಂದಳು. ಖಾಸಗಿ ಆಸ್ಪತ್ರೆಯೊಂದರಲ್ಲಿ ರಕ್ತಪರೀಕ್ಷೆಯ ಕೆಲಸ. ಬಾಯಿಪಾಠ ಒಪ್ಪಿಸಿದಂತೆ ಹೇಳಿದಳು: "ಒಬ್ಬಾಕೀನ ಇರತೇನ್ರಿ. ಮದವಿ ಆಗಿಲ್ಲ. ಮುಸಲರಾಕಿ. ಮೊದ್ಲ ಹೇಳೂದು ಚಲೋ ಅಲ್ರಿ, ಭಾಳ ಮನಿ ಮೆಟ್ಟಲಾ ಇಳದ ಬಂದೇನಿ."

"ನಳಾ ತಿರವಿ ನೋಡು ಮೊದ್ಲ," ಅಂದಳು ಯಲ್ಲಕ್ಕ. "ಮನಿ ಹಿಡಿಯಾಕ ಬಂದಾಕಿ ನೀರ ಕೇಳಬೇಕು. ಇದೇನ್ ಹೇಳಾಕತ್ತಿ?"

ಸುದ್ದಿ ತಿಳಿದು ಲಗಮಣ್ಣ ಓಡಿ ಬಂದ. "ಆಕೀಗಿ ಕೊಟ್ರ ಬ್ಯಾರೇದವರು ಬರೂದಿಲ್ಲ ವೈನಿ."

"ಮೌಲಾಅಲಿ ಕಾಕಾನ ಹೊಲದಾಗ ವರ್ಷಾ ಕಂಬಳಿ ಹಾಸಿ ಗೊರಕಿ ಹೊಡೀತಿದ್ದೆಲ್ಲ, ಅವಾಗ ಈ ಬುದ್ಧಿ ಎಲ್ಲಿ ಮೇಯಾಕ ಹೋಗಿತ್ತು?"

ಬೇರೆಯವರೂ ಬಂದರು. ಬಿ.ಎಡ್. ಓದುವ ದೀಪಾ, ಹೋಟೆಲಿನಲ್ಲಿ ರೊಟ್ಟಿ ಬಡಿಯುವ ವಿಧವೆ ಬಾಳವ್ವ, ಬ್ಯಾಂಕಿನ ಹುಡುಗಿಯೊಬ್ಬಳು. ಎಲ್ಲರೂ ಎಲ್ಲೋ ಬಾಗಿಲು ಬಡಿದು ಬೇಡವೆನಿಸಿಕೊಂಡವರೇ. ನಾಲ್ಕೂ ಖೋಲಿ ತುಂಬಿದವು.

ಆದರೆ ಯಲ್ಲಕ್ಕ ಇನ್ನೂ ಕುರಿಯ ರೂಢಿ ಬಿಟ್ಟಿರಲಿಲ್ಲ. ಹೊತ್ತು ಮುಳುಗಿದರೆ ಅಂಗಳದಲ್ಲಿ ನಿಂತು ತಲೆ ಎಣಿಸಿ ಗೇಟಿಗೆ ಬೀಗ ಹಾಕುವಳು. ಇಬ್ಬನಿ ಕುಡಿದ ಹುಲ್ಲು ಮೇಯ್ದರೆ ಹಿಂಡಿಗೆ ಕೇಡು. ಹಾಗಾಗಿ ಕುರುಬರು ಬಿಸಿಲೇರದೆ ಹಟ್ಟಿ ಬಿಚ್ಚುವುದಿಲ್ಲ. ಯಲ್ಲಕ್ಕನೂ ಬಿಚ್ಚುತ್ತಿರಲಿಲ್ಲ. ಖಾಲಿ ಹೊಟ್ಟೆಯಲ್ಲಿ ಬರುವ ರೋಗಿಗಳ ರಕ್ತ ತೆಗೆಯಲು ನಾಜಿಯಾ ನಸುಕಿನಲ್ಲೇ ಹೊರಡಬೇಕು. ದಿನವೂ ಗೂಡಿನ ಬಾಗಿಲು ಬಡಿಯುವುದು, ದಿನವೂ ಗೊಣಗಿಸಿಕೊಳ್ಳುವುದು.

ಯುಗಾದಿ ಹತ್ತಿರ ಬಂದಿತ್ತು. ಮೂಡಲಗಿಯ ತಂಗಿಗೆ ಜ್ವರವೆಂದು ಯಲ್ಲಕ್ಕ ಮೊದಲ ಬಸ್ಸು ಹಿಡಿದಳು. ಹೋಗುವಾಗ ಗೇಟಿಗೆ ಹೊರಗಿನಿಂದ ಬೀಗ ಜಡಿದು ಕೀಲಿಯನ್ನು ಎಲೆಯಡಿಕೆ ಚೀಲಕ್ಕೆ ಸೇರಿಸಿದ್ದಳು. ಆಕೆಯ ಫೋನು ಗೂಡಿನಲ್ಲಿ ಚಾರ್ಜಿಗೆ ಇತ್ತು, ಅಲ್ಲೇ ಬಡಿದುಕೊಂಡಿತು. ಬೀಗ ಮುರಿಯಲು ಓಣಿಯವರಿಗೆ ಧೈರ್ಯವಾಗಲಿಲ್ಲ. ಯಾರೋ ಏಣಿ ತರುವಷ್ಟರಲ್ಲಿ ಆಸ್ಪತ್ರೆಯಲ್ಲಿ ಉಪವಾಸ ಕೂತ ರೋಗಿಗಳು ಎದ್ದು ಹೋಗಿದ್ದರು.

ಯಲ್ಲಕ್ಕ ತಿರುಗಿ ಬಂದಾಗ ಓಣಿ ತುಂಬ ಜನ. ಗೋಡೆಯ ಮೇಲೆ ನಾಜಿಯಾ. ಪೇಟೆಗೆ ಬಂದಿದ್ದ ಲಗಮಣ್ಣ ಚಹಾದ ಕಪ್ಪು ಹಿಡಿದು ನೋಡುತ್ತ ನಿಂತಿದ್ದ. "ಬಾ ವೈನಿ. ಕುರಿ ಬೇಲಿ ಹಾರಾಕತ್ತಾವು."

ನಾಜಿಯಾ ನಗಲಿಲ್ಲ. "ಬೀಗ ಯಾಕ ಹಾಕಿದ್ರಿ ಯಕ್ಕಾ?"

"ನಿಮ್ಮನ್ನ ಕಾಯಾಕ ಬೇ. ಹೊರಗ ತೋಳ ಅದಾವು."

"ತೋಳ ಹೊರಗಿದ್ರ ಬೀಗ ನಮಗ ಯಾಕ? ಒಳಗ ಬೆಂಕಿ ಹತ್ತಿದ್ರ? ನಾ ಬಾಡಿಗಿ ಕೊಡಾಕಿ, ಕುರಿ ಅಲ್ಲ. ಸಂಜಿಕ ಖೋಲಿ ಬಿಡ್ತೇನಿ."

"ನಾನೂ," ಅಂದಿತು ಒಳಗಿನಿಂದ ದೀಪಾಳ ದನಿ.

"ಅಣ್ಣಗ ಫೋನ್ ಹಚ್ಚಲೇನು?" ಅಂದ ಲಗಮಣ್ಣ. "ಟ್ರ್ಯಾಕ್ಟರ್ ಅಂಗಡಿ ಇವತ್ತ ತೆರದೈತಿ."

ಯಲ್ಲಕ್ಕನಿಗೆ ಮೊದಲು ಸಿಟ್ಟು ಬಂತು. ಯಾರೂ ಒಳಗೆ ಕರೆಯದವರನ್ನು ಕರೆದವಳು ತಾನು; ಅದಕ್ಕೆ ಇದೇನಾ ಮರ್ಯಾದೆ? ಬೀಗ ತೆಗೆದು ಒಳಗೆ ಹೋದಳು. ಕೆಲಸ ತಪ್ಪಿಸಿಕೊಂಡ ಬಾಳವ್ವ ಹೊಸ್ತಿಲ ಮೇಲೆ ಕೂತಿದ್ದಳು, ತಲೆ ಎತ್ತಲಿಲ್ಲ. ಆ ಕೂತ ರೀತಿ ಕಂಡು ಯಲ್ಲಕ್ಕನ ಸಿಟ್ಟು ಇಳಿಯಿತು. ಬಯಲಲ್ಲಿ ಮಲಗಿದ್ದಳು, ಮಳೆಯಲ್ಲಿ ನೆನೆದಿದ್ದಳು, ಬೈಗುಳ ತಿಂದಿದ್ದಳು. ಆದರೆ ಇಷ್ಟು ವರ್ಷದಲ್ಲಿ ತನ್ನ ಮೇಲೆ ಯಾರೂ ಬೀಗ ಹಾಕಿರಲಿಲ್ಲ.

ನೇರ ಪೇಟೆಗೆ ನಡೆದಳು. "ಗೇಟಿನ ಕೀಲಿ ನಾಲ್ಕ ಬಡಿ ಕಾಕಾ," ಎಂದು ಕೀಲಿ ಮಾಡುವ ಮೈನೋದ್ದೀನನ ಮುಂದೆ ಕೂತಳು. ಸಂಜೆಗೆ ಒಬ್ಬೊಬ್ಬಳ ಅಂಗೈಯಲ್ಲಿ ಒಂದೊಂದು ಇಟ್ಟಳು.

"ಹೆಣ್ಣಮಕ್ಕಳ ಕೈಯಾಗ ಗೇಟಿನ ಕೀಲಿ?" ಲಗಮಣ್ಣನಿಗೆ ತಡೆಯಲಾಗಲಿಲ್ಲ. "ಯಾವಾಗ ಬರ್ತಾರ, ಯಾವಾಗ ಹೋಗ್ತಾರ, ಯಾರ್ ಕೇಳವರು?"

"ನಿನ್ನ ಯಾರರ ಕೇಳ್ಯಾರೇನೋ ಇಲ್ಲೀತನಕ?"

ನಾಜಿಯಾ ಕೀಲಿಯನ್ನು ಹೊರಳಿಸಿ ನೋಡಿದಳು. ಕಟ್ಟಿದ್ದ ಚೀಲ ಬಿಚ್ಚಿದಳು. "ಓಣಿ ಕಡೆ ಒಂದ ಕಿಟಕಿನೂ ಬೇಕ್ರಿ."

"ಕೀಲಿ ಕೊಟ್ಟದ್ದ ತಡಾ ಇಲ್ಲ, ಕಿಟಕಿ ಕೇಳಾಕತ್ಲು ನೋಡ್ರಿ," ಎಂದು ಯಲ್ಲಕ್ಕ ಬೈದಳು. ಮರುವಾರವೇ ಕಲ್ಲಪ್ಪನನ್ನು ಕರೆಸಿ ಗೋಡೆ ಒಡೆಸಿದಳು.

ಯುಗಾದಿ ಬಂತು, ಹೋಯಿತು. ಯಾವ ಖೋಲಿಯೂ ಖಾಲಿಯಾಗಲಿಲ್ಲ, ಯಾವ ಗೋಡೆಯೂ ಮಾರಾಟವಾಗಲಿಲ್ಲ. ಈ ವರ್ಷ ಮೇಲೊಂದು ಮಹಡಿ ಎದ್ದಿದೆ, ಕಿಟಕಿ ಸಮೇತ. ಗೋಡೆಯ ಗಿಲಾವು ಒಣಗುವ ಮೊದಲೇ ಹೆಣ್ಣುಮಕ್ಕಳು ಬಂದು ಖೋಲಿ ಹಿಡಿದರು. ಶೆಟ್ಟೆಪ್ಪನೂ ಈಗ ಇಲ್ಲೇ ಬಂದು, ಗೇಟಿನ ಬಳಿ ಕುರ್ಚಿ ಹಾಕಿ ಕೂತು ಬಂದವರಿಗೆಲ್ಲ "ನಮ್ಮ ಖೋಲಿ" ಎಂದು ತೋರಿಸುತ್ತಾನೆ. ಲಗಮಣ್ಣನಿಗೂ ಈಗ ಹುಕ್ಕೇರಿಯ ತನ್ನ ಜಾಗದಲ್ಲಿ ಖೋಲಿ ಕಟ್ಟುವ ಹುಚ್ಚು.

"ಬಾಗಲಾ ಎತ್ತ ಕಡೆ ಇಡಲಿ ವೈನಿ?" ಎಂದು ಕೇಳಿದ.

"ಎತ್ತ ಕಡೆಗಾದ್ರೂ ಇಡು. ಕೀಲಿ ಎಷ್ಟ ಬಡಸ್ತಿ, ಅದನ್ನ ಹೇಳು."

ಈಗ ನಿಮ್ಮ ಸರದಿ. ಹೆಣ್ಣುಮಕ್ಕಳಿಗೆ ಖೋಲಿ ಕೊಟ್ಟು, ತಿಂಗಳು ತಪ್ಪದೆ ಬಾಡಿಗೆ ಪಡೆದು, ಕಾಯುವ ನೆಪದಲ್ಲಿ ಬೀಗ ಜಡಿಯುತ್ತೀರಲ್ಲ, ನಿಮಗೇ ಹೇಳುತ್ತಿರುವುದು. ಓದಿದ್ದು ಸಾಕು, ಎದ್ದೇಳಿ. ಪೇಟೆಗೆ ಹೋಗಿ ಕೀಲಿ ಬಡಿಸಿ, ಇವತ್ತೇ ಸಂಜೆ ಅವರ ಕೈಗೆ ಕೊಡಿ.